ಮಕ್ಕಳ ರಕ್ಷಣಾ ಪ್ರಕರಣಗಳಲ್ಲಿ ಮಾದಕ ವಸ್ತು ಪರೀಕ್ಷೆ: ಕಪ್, ಕೂದಲು, ಪ್ಯಾಚ್ – ಯಾವುದನ್ನು ಎಷ್ಟು ನಂಬಬಹುದು?

ಅಮೆರಿಕ, ಕೆನಡಾ, ಬ್ರಿಟನ್‌ನಲ್ಲಿ ಮಗುವಿನ ಸುರಕ್ಷತೆಯ ಪ್ರಕರಣ ದಾಖಲಾದರೆ, ತಾಯಿಗೋ ತಂದೆಗೋ ಮಾದಕ ವಸ್ತು ಪರೀಕ್ಷೆ ಮಾಡಿಸಬೇಕೆಂಬ ಸೂಚನೆ ಬರುವುದು ಸಾಮಾನ್ಯ. ಮಗು ಮನೆಯಲ್ಲೇ ಇರಬೇಕೋ, ಪಾಲನಾ ಕುಟುಂಬಕ್ಕೆ ಹೋಗಬೇಕೋ, ಭೇಟಿಯ ಹೊತ್ತಿನಲ್ಲಿ ಮೇಲ್ವಿಚಾರಕರು ಕೂರಬೇಕೋ ಬೇಡವೋ ಎಂಬ ತೀರ್ಮಾನದಲ್ಲಿ ಆ ವರದಿಯ ತೂಕ ದೊಡ್ಡದು. ಹಾಗಿದ್ದೂ ಬಹಳ ಕಡೆ ಮೊದಲು ಕೈಗೆ ಬರುವುದು ಮೂತ್ರ ಪರೀಕ್ಷೆಯ ಅಗ್ಗದ ಪ್ಲಾಸ್ಟಿಕ್ ಕಪ್. ಈ ವಿಮರ್ಶೆ ಮುಖ್ಯವಾಗಿ ಆ ಕಪ್ಪಿನದು. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಕಪ್ ಒಳ್ಳೆಯ ಜರಡಿ, ಕೆಟ್ಟ ಸಾಕ್ಷಿ. ಜರಡಿಯಾಗಿ 5ಕ್ಕೆ 4 ಅಂಕ. ಅದರ ಫಲಿತಾಂಶವೊಂದನ್ನೇ ನ್ಯಾಯಾಲಯದ ಕಡತಕ್ಕೆ ಸೇರಿಸಿದರೆ 5ಕ್ಕೆ 1.

ಕಪ್ಪಿನ ಒಳಗೋಡೆಯಲ್ಲಿ ಒಂದೊಂದು ವಸ್ತುವಿಗೆ ಒಂದೊಂದು ಪಟ್ಟಿ ಇರುತ್ತದೆ. ಪ್ರತಿ ಪಟ್ಟಿಯಲ್ಲೂ ಎರಡು ಜಾಗ: ಮೇಲೆ ಸಿ, ಅಂದರೆ ಕಂಟ್ರೋಲ್ ಗೆರೆ, ಕೆಳಗೆ ಟಿ, ಅಂದರೆ ಟೆಸ್ಟ್ ಗೆರೆ. ಗರ್ಭ ಪರೀಕ್ಷೆಯ ಕಿಟ್ ನೋಡಿ ಅಭ್ಯಾಸವಿದ್ದವರು ಇಲ್ಲಿ ಎಡವುತ್ತಾರೆ, ಏಕೆಂದರೆ ಇದು ತದ್ವಿರುದ್ಧ. ಟಿ ಗೆರೆ ಮೂಡಿದರೆ ನೆಗೆಟಿವ್, ಮೂಡದಿದ್ದರೆ ಪಾಸಿಟಿವ್. ಮೂತ್ರದಲ್ಲಿ ಮಾದಕ ವಸ್ತು ಇದ್ದರೆ ಅದು ಪಟ್ಟಿಯಲ್ಲಿರುವ ಬಣ್ಣದ ಪ್ರತಿಕಾಯಕ್ಕೆ ಅಂಟಿಕೊಂಡು, ಗೆರೆ ಮೂಡುವ ಜಾಗದಲ್ಲಿ ಅದು ನಿಲ್ಲದಂತೆ ಮಾಡುತ್ತದೆ. ಮಸುಕು ಗೆರೆಯೂ ಗೆರೆಯೇ, ಅದೂ ನೆಗೆಟಿವ್. "ಗೆರೆ ತೆಳುವಾಗಿದೆ, ಸ್ವಲ್ಪ ಸೇವಿಸಿರಬೇಕು" ಎಂದು ಟಿಪ್ಪಣಿ ಬರೆಯುವುದು ತಪ್ಪು. ಗೆರೆಯ ದಪ್ಪ ಪ್ರಮಾಣವನ್ನು ಅಳೆಯುವುದಿಲ್ಲ. ಸಿ ಗೆರೆಯೇ ಬಾರದಿದ್ದರೆ ಆ ಕಪ್ ಲೆಕ್ಕಕ್ಕಿಲ್ಲ, ಹೊಸದು ತೆಗೆಯಬೇಕು. ಕಿಟ್ಟಿನ ಕೈಪಿಡಿ ಹೇಳಿದ ಹೊತ್ತಿಗೇ ಓದಬೇಕು, ಸಾಮಾನ್ಯವಾಗಿ 5 ನಿಮಿಷಕ್ಕೆ. ಅರ್ಧ ಗಂಟೆ ಮೇಜಿನ ಮೇಲಿಟ್ಟು ಆಮೇಲೆ ಫೋಟೊ ತೆಗೆದರೆ ಆ ಫೋಟೊಗೆ ಬೆಲೆಯಿಲ್ಲ.

ಮಾದರಿ ತೆಗೆದುಕೊಳ್ಳುವಾಗಿನ ಶಿಸ್ತು ಅಷ್ಟೇ ಮುಖ್ಯ. 4 ನಿಮಿಷದೊಳಗೆ ಉಷ್ಣತೆ ನೋಡಬೇಕು; 32ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಮೂತ್ರದಲ್ಲಿ ಸಹಜವಾಗಿರುವ ತ್ಯಾಜ್ಯವಾದ ಕ್ರಿಯಾಟಿನಿನ್ ಡೆಸಿಲೀಟರ್‌ಗೆ 20 ಮಿಲಿಗ್ರಾಂಗಿಂತ ಕಡಿಮೆ, ಸಾಪೇಕ್ಷ ಸಾಂದ್ರತೆಯೂ 1.003ಕ್ಕಿಂತ ಕಡಿಮೆ ಬಂದರೆ ಮಾದರಿ ತೆಳುವಾಗಿದೆ ಎಂದರ್ಥ. ತೆಳು ಮಾದರಿ ಮೋಸಕ್ಕೆ ಪುರಾವೆ ಅಲ್ಲ. ಗರ್ಭಿಣಿ, ಮೂತ್ರವರ್ಧಕ ಔಷಧ ತೆಗೆದುಕೊಳ್ಳುವವರು, "ಕೂಡಲೇ ಕೊಡಿ" ಎಂದಾಗ ಗಾಬರಿಯಿಂದ ಲೋಟಗಟ್ಟಲೆ ನೀರು ಕುಡಿದವರು – ಇವರೆಲ್ಲರ ಮೂತ್ರ ತೆಳುವಾಗಬಹುದು. ಬೆಳಗಿನ ಮೊದಲ ಮೂತ್ರವನ್ನು ಕೇಳಿದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಬಾಟಲಿಗೆ ಸೀಲ್ ಹಾಕುವುದು ಪೋಷಕರ ಕಣ್ಣೆದುರೇ ಆಗಬೇಕು, ಸೀಲಿನ ಮೇಲೆ ಅವರ ಕೈಬರಹವಿರಬೇಕು, ಅಲ್ಲಿಂದ ಪ್ರಯೋಗಾಲಯದವರೆಗೆ ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದು ಹಾಳೆಯಲ್ಲಿ ದಾಖಲಾಗಬೇಕು. ಈ ಕೊಂಡಿ ಒಂದು ಕಡೆ ತಪ್ಪಿದರೂ ಫಲಿತಾಂಶವನ್ನು ಪ್ರಶ್ನಿಸಲು ಅಷ್ಟೇ ಸಾಕು.

ಕಪ್ಪಿನ ನಿಜವಾದ ದೌರ್ಬಲ್ಯ ಅದರ ರಸಾಯನದಲ್ಲಿದೆ. ಪ್ರತಿಕಾಯ ಗುರುತಿಸುವುದು ಅಣುವಿನ ಆಕಾರವನ್ನು. ಆಕಾರ ಹೋಲುವ ಬೇರೆ ಔಷಧ ಬಂದರೂ ಅದಕ್ಕೆ ಅಂಟಿಕೊಳ್ಳುತ್ತದೆ. ಮೂಗು ಕಟ್ಟಿದ್ದಕ್ಕೆ ತೆಗೆದುಕೊಂಡ ಸೂಡೊಎಫೆಡ್ರಿನ್, ಖಿನ್ನತೆಗೆ ಕೊಡುವ ಬುಪ್ರೋಪಿಯಾನ್, ಗರ್ಭಿಣಿಯರ ರಕ್ತದೊತ್ತಡಕ್ಕೆ ಕೊಡುವ ಲ್ಯಾಬೆಟಲಾಲ್ – ಇವು ಆಂಫೆಟಮಿನ್ (ಮೆಥ್ ಸೇರಿದ ಉತ್ತೇಜಕ ಗುಂಪು) ಪಟ್ಟಿಯನ್ನು ಪಾಸಿಟಿವ್ ಮಾಡಬಲ್ಲವು. ಕೆಮ್ಮಿನ ಔಷಧದ ಡೆಕ್ಸ್ಟ್ರೋಮೆಥಾರ್ಫನ್ ಪಿಸಿಪಿ (ಭ್ರಮೆ ಹುಟ್ಟಿಸುವ ಮಾದಕ ವಸ್ತು) ಪಟ್ಟಿಯನ್ನು, ಮನೋರೋಗಕ್ಕೆ ಕೊಡುವ ಕ್ವೆಟಿಯಾಪಿನ್ ಮೆಥಡೋನ್ (ಚಟ ಬಿಡಿಸುವ ಚಿಕಿತ್ಸೆಯ ಮದ್ದು) ಪಟ್ಟಿಯನ್ನು, ಲೆವೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯೋಟಿಕ್ ಓಪಿಯೇಟ್ (ಮಾರ್ಫಿನ್, ಹೆರಾಯಿನ್‌ನಂಥ ಅಫೀಮಿನ ಗುಂಪು) ಪಟ್ಟಿಯನ್ನು ಕೆಡಿಸಬಹುದು. ಲ್ಯಾಬೆಟಲಾಲ್ ಮೇಲಿರುವ ಬಾಣಂತಿಯ ಹಾಸಿಗೆ ಪಕ್ಕ ಕಪ್ ನೋಡಿ "ಮೆಥ್ ಪಾಸಿಟಿವ್" ಎಂದು ದೂರು ಕಳಿಸಿದರೆ, ಮಗುವನ್ನು ಬೇರ್ಪಡಿಸುವ ಪ್ರಕ್ರಿಯೆ ಒಂದು ಬಿ.ಪಿ. ಮಾತ್ರೆಯಿಂದ ಶುರುವಾಗುತ್ತದೆ. ಇದು ಕ್ಷಮಿಸುವಂಥ ತಪ್ಪಲ್ಲ.

ಓಪಿಯೇಟ್ ಪಟ್ಟಿಯ ಕಟ್‌ಆಫ್ (ಪಾಸಿಟಿವ್ ಎನಿಸಲು ಬೇಕಾದ ಕನಿಷ್ಠ ಪ್ರಮಾಣ) ಎಷ್ಟೆಂದು ಕೇಳದೆ ಬಿಡಬೇಡಿ. ಗಸಗಸೆಯಲ್ಲಿ ಸಹಜವಾಗಿ ಮಾರ್ಫಿನ್ ಇರುತ್ತದೆ. ಅದಕ್ಕಾಗಿಯೇ ಅಮೆರಿಕದ ಕೇಂದ್ರ ಸರ್ಕಾರ ನೌಕರರ ಪರೀಕ್ಷೆಯಲ್ಲಿ 1998ರಲ್ಲಿ ಕಟ್‌ಆಫ್ ಅನ್ನು ಮಿಲಿಲೀಟರ್‌ಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿತು. ಹಳೆಯ 300ರ ಪಟ್ಟಿಯ ಕಪ್‌ಗಳು ಇಂದಿಗೂ ಬಳಕೆಯಲ್ಲಿವೆ. ಒಬ್ಬ ನೌಕರನಿಗೆ ಸಿಗುವ ರಕ್ಷಣೆ ಒಬ್ಬ ತಾಯಿಗೆ ಸಿಗದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ತಪ್ಪು ನೆಗೆಟಿವ್ ಕೂಡ ಅಷ್ಟೇ ಅಪಾಯಕಾರಿ, ಅದರಲ್ಲಿ ಮಗುವಿಗೆ ನೇರ ಅಪಾಯ. ಸಾಮಾನ್ಯ ಓಪಿಯೇಟ್ ಪಟ್ಟಿ, ಕೃತಕವಾಗಿ ತಯಾರಿಸುವ ಪ್ರಬಲ ನೋವು ನಿವಾರಕ ಫೆಂಟನಿಲ್ ಅನ್ನು ಹಿಡಿಯುವುದಿಲ್ಲ. ಅದಕ್ಕೆ ಬೇರೆಯೇ ಪಟ್ಟಿ ಬೇಕು. ಬೆಂಜೊ (ಆತಂಕ, ನಿದ್ರೆಗೆ ಕೊಡುವ ಔಷಧ ಗುಂಪು) ಪಟ್ಟಿಗಳು ಕ್ಲೊನಾಜೆಪಾಮ್, ಲೊರಾಜೆಪಾಮ್ ಅನ್ನು ಆಗಾಗ ಬಿಟ್ಟುಬಿಡುತ್ತವೆ. "12 ಪ್ಯಾನೆಲ್" ಎಂದ ಮಾತ್ರಕ್ಕೆ ಎಲ್ಲವೂ ಬಂತೆಂದಲ್ಲ. ಆ 12ರಲ್ಲಿ ಏನೇನಿದೆ ಎಂದು ಓದಿ.

ಆದ್ದರಿಂದ ಪಾಸಿಟಿವ್ ಬಂದ ಪ್ರತಿ ಮಾದರಿಯೂ ಜಿಸಿ-ಎಂಎಸ್ ಅಥವಾ ಎಲ್‌ಸಿ-ಎಂಎಸ್ ಎಂಬ ಪ್ರಯೋಗಾಲಯ ವಿಧಾನದ ದೃಢೀಕರಣಕ್ಕೆ ಹೋಗಲೇಬೇಕು. ಇವು ಅಣುವಿನ ತೂಕ ಮತ್ತು ಅದು ಒಡೆಯುವ ರೀತಿಯನ್ನು ನೋಡಿ ಇದೇ ವಸ್ತು, ಇಷ್ಟು ಪ್ರಮಾಣ ಎಂದು ಹೇಳುತ್ತವೆ. ಇದಕ್ಕೆ ಕೆಲವು ದಿನ ಹಿಡಿಯುತ್ತದೆ, ಖರ್ಚೂ ಹೆಚ್ಚು. ಈ ಹೆಜ್ಜೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಟೊರಾಂಟೊದ ಸಿಕ್ ಕಿಡ್ಸ್ ಆಸ್ಪತ್ರೆಯ ಮದರಿಸ್ಕ್ ಪ್ರಯೋಗಾಲಯವೇ ಸಾಕ್ಷಿ. ಅಲ್ಲಿ ವರ್ಷಗಟ್ಟಲೆ ಪೋಷಕರ ಕೂದಲನ್ನು ಪ್ರಾಥಮಿಕ ಪರೀಕ್ಷೆಗೆ ಮಾತ್ರ ಒಳಪಡಿಸಿ, ದೃಢೀಕರಣವಿಲ್ಲದೆ ವರದಿ ಕೊಟ್ಟಿದ್ದರು. ನಿವೃತ್ತ ನ್ಯಾಯಮೂರ್ತಿ ಸುಸಾನ್ ಲ್ಯಾಂಗ್ 2015ರ ಡಿಸೆಂಬರ್‌ನ ವರದಿಯಲ್ಲಿ, 2005ರಿಂದ 2015ರವರೆಗಿನ ಆ ಕೂದಲು ಪರೀಕ್ಷೆಗಳು ಮಕ್ಕಳ ರಕ್ಷಣಾ ಪ್ರಕರಣಗಳಿಗಾಗಲಿ ಕ್ರಿಮಿನಲ್ ಪ್ರಕರಣಗಳಿಗಾಗಲಿ ವಿಶ್ವಾಸಾರ್ಹವಲ್ಲ ಎಂದರು. ಬಳಿಕ ಜುಡಿತ್ ಬೀಮನ್ ನೇತೃತ್ವದ ಆಯೋಗ 1,271 ಪ್ರಕರಣಗಳನ್ನು ಪರಿಶೀಲಿಸಿ, 56ರಲ್ಲಿ ಈ ಫಲಿತಾಂಶಗಳು ಗಣನೀಯ ಪ್ರಭಾವ ಬೀರಿದ್ದವು ಎಂದು 2018ರಲ್ಲಿ ವರದಿ ಮಾಡಿತು. ದತ್ತು ಹೋದ ಮಗುವನ್ನು ವಾಪಸ್ ತರುವ ದಾರಿ ಬಹುಪಾಲು ಮುಚ್ಚಿರುತ್ತದೆ ಎಂಬುದನ್ನು ನೆನೆದರೆ ಈ ಸಂಖ್ಯೆ ಚಿಕ್ಕದಲ್ಲ.

ಹಾಗೆಂದು ಕೂದಲು ಪರೀಕ್ಷೆಯೇ ವ್ಯರ್ಥವಲ್ಲ. ಮೂತ್ರದಲ್ಲಿ ಕೊಕೇನ್, ಆಂಫೆಟಮಿನ್ ಕಾಣುವುದು ಸುಮಾರು 2ರಿಂದ 4 ದಿನ. ಕೂದಲಿನಲ್ಲಿ ತಿಂಗಳುಗಳ ಚಿತ್ರ ಸಿಗುತ್ತದೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳವಣಿಗೆಯ ಲೆಕ್ಕದಲ್ಲಿ ಬುಡದಿಂದ 3 ಸೆಂಟಿಮೀಟರ್ ಎಂದರೆ ಸುಮಾರು ಮೂರು ತಿಂಗಳು. ತಲೆಯ ಹಿಂಭಾಗದ ಮೇಲ್ಭಾಗದಿಂದ, ಚರ್ಮಕ್ಕೆ ತಾಗುವಂತೆ ಕತ್ತರಿಸಿ, ಬುಡ ಯಾವ ಕಡೆ ಎಂದು ಗುರುತು ಹಾಕಬೇಕು. ಅದು ತಿರುಗಿದರೆ ತಿಂಗಳ ಲೆಕ್ಕವೇ ತಲೆಕೆಳಗು. ಕಳೆದ ವಾರದ ಸೇವನೆ ಇದರಲ್ಲಿ ಕಾಣದು, ಆ ಕೂದಲು ಇನ್ನೂ ಚರ್ಮದಿಂದ ಹೊರಬಂದಿರುವುದಿಲ್ಲ. ಬ್ಲೀಚ್ ಮಾಡಿದ ಕೂದಲಲ್ಲಿ ಪ್ರಮಾಣ ತಗ್ಗುತ್ತದೆ. ಕಪ್ಪು ಕೂದಲಿನ ಮೆಲನಿನ್ ಕೊಕೇನ್‌ನಂಥ ವಸ್ತುಗಳನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಒಂದೇ ಪ್ರಮಾಣ ಸೇವಿಸಿದ ಇಬ್ಬರಲ್ಲಿ ಕೂದಲ ಬಣ್ಣದಿಂದಲೇ ಸಂಖ್ಯೆ ಬೇರೆಯಾಗಬಹುದು. ಅದೇ ಮನೆಯಲ್ಲಿ ಮತ್ತೊಬ್ಬರು ಸೇದಿದ ಹೊಗೆಯೂ ಕೂದಲಿಗೆ ಅಂಟುತ್ತದೆ. ಕೂದಲು ತೊಳೆದ ನೀರನ್ನೂ ಪರೀಕ್ಷಿಸಿದ್ದಾರಾ, ದೇಹ ಆ ವಸ್ತುವನ್ನು ಒಡೆದಾಗ ಮಾತ್ರ ತಯಾರಾಗುವ ಮೆಟಾಬೊಲೈಟ್ ಹುಡುಕಿದ್ದಾರಾ ಎಂದು ಕೇಳಿ. ಇವಿದ್ದರೆ ಕೂದಲಿಗೆ 5ಕ್ಕೆ 3 ಕೊಡುತ್ತೇವೆ. ಇಂಗ್ಲೆಂಡ್‌ನ ಕೌಟುಂಬಿಕ ನ್ಯಾಯಾಲಯದ ನ್ಯಾಯಮೂರ್ತಿ ಪೀಟರ್ ಜಾಕ್ಸನ್ 2017ರ ತೀರ್ಪಿನಲ್ಲಿ ಕೂದಲ ಫಲಿತಾಂಶವನ್ನು ಉಳಿದ ಸಾಕ್ಷ್ಯಗಳ ಜೊತೆಗಿಟ್ಟೇ ನೋಡಬೇಕೆಂದಿದ್ದು ಸರಿಯಾದ ದಾರಿ.

ಬೆವರಿನ ಪ್ಯಾಚ್ ವಾರಕ್ಕೂ ಮೀರಿ ಚರ್ಮದ ಮೇಲಿರುತ್ತದೆ. ಅಂಚು ಎದ್ದರೆ ಅಥವಾ ಹಚ್ಚುವ ಮೊದಲು ಚರ್ಮ ಸರಿಯಾಗಿ ಒರೆಸದಿದ್ದರೆ ವಿವಾದ ಖಚಿತ. ಬಾಯಿ ದ್ರವದಲ್ಲಿ, ಅಂದರೆ ಎಂಜಲಿನಲ್ಲಿ, ಕಾಣುವುದು ಹೆಚ್ಚೆಂದರೆ ಒಂದೆರಡು ದಿನದ ಸೇವನೆ. ಆದರೆ ಶೌಚಾಲಯದಲ್ಲಿ ಯಾರೋ ನಿಂತು ನೋಡುವ ಅವಮಾನ ಇದರಲ್ಲಿಲ್ಲ, ಲೈಂಗಿಕ ದೌರ್ಜನ್ಯ ಅನುಭವಿಸಿದ ಪೋಷಕರಿಗೆ ಇದನ್ನೇ ಮೊದಲು ಕೊಡಬೇಕು.

ನವಜಾತ ಶಿಶುವಿನ ಮೊದಲ ಮಲ ಅಥವಾ ಹೊಕ್ಕುಳಬಳ್ಳಿ ಪರೀಕ್ಷಿಸುವಾಗ ಹೆರಿಗೆಯ ಔಷಧ ಪಟ್ಟಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಎಪಿಡ್ಯೂರಲ್‌ನಲ್ಲಿ (ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಮದ್ದು) ಆಸ್ಪತ್ರೆಯೇ ಕೊಟ್ಟ ಫೆಂಟನಿಲ್ ಅಲ್ಲಿ ಕಾಣಿಸಿಕೊಳ್ಳಬಹುದು.

ಓದುವುದರಲ್ಲಿ ಆಗುವ ಇನ್ನೊಂದು ದೊಡ್ಡ ತಪ್ಪು ಗಾಂಜಾದ್ದು. ದಿನವೂ ಸೇದುತ್ತಿದ್ದವರು ನಿಲ್ಲಿಸಿದ ಮೇಲೂ ಮೂತ್ರ ಒಂದು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಪಾಸಿಟಿವ್ ಇರಬಹುದು. ಎರಡನೇ ಪಾಸಿಟಿವ್ ಎಂದರೆ ಮತ್ತೆ ಸೇದಿದರು ಎಂದಲ್ಲ. ಟಿಎಚ್‌ಸಿ (ಗಾಂಜಾದ ಮತ್ತೇರಿಸುವ ಅಂಶ) ಮೆಟಾಬೊಲೈಟ್ ಅನ್ನು ಕ್ರಿಯಾಟಿನಿನ್‌ನಿಂದ ಭಾಗಿಸಿ, ಆ ಅನುಪಾತ ವಾರದಿಂದ ವಾರಕ್ಕೆ ಇಳಿಯುತ್ತಿದೆಯೇ ಎಂದು ನೋಡಬೇಕು. ಹಾಗೆಯೇ ಓಪಿಯೇಟ್ ಚಟ ಬಿಡಿಸುವ ಚಿಕಿತ್ಸೆಯಾಗಿ ಬುಪ್ರೆನಾರ್ಫಿನ್ ತೆಗೆದುಕೊಳ್ಳುವವರ ಬುಪ್ರೆನಾರ್ಫಿನ್ ಪಟ್ಟಿ ಪಾಸಿಟಿವ್ ಬರಲೇಬೇಕು. ಅವರು ಮದ್ದು ಬಿಟ್ಟಿಲ್ಲ ಎಂಬುದಕ್ಕೆ ಅದು ಗುರುತು. ಮದ್ದು ನುಂಗದೆ ಮಾತ್ರೆಯನ್ನು ಕಪ್ಪಿಗೇ ಉದುರಿಸಿದ ಶಂಕೆಯಿದ್ದರೆ ನಾರ್‌ಬುಪ್ರೆನಾರ್ಫಿನ್ ನೋಡಿ, ಅದು ದೇಹದ ಮೂಲಕ ಹಾದರೆ ಮಾತ್ರ ಹುಟ್ಟುತ್ತದೆ.

ಮಾದಕ ವಸ್ತು ಸಿಕ್ಕಿತು ಎಂಬುದು ಮಗುವಿಗೆ ಊಟ ಸಿಗುತ್ತಿಲ್ಲ ಎಂಬುದಕ್ಕೆ ಪುರಾವೆಯಲ್ಲ, ಸಿಗಲಿಲ್ಲ ಎಂಬುದು ಮನೆ ಸುರಕ್ಷಿತ ಎಂಬುದಕ್ಕೂ ಅಲ್ಲ. ಅದನ್ನು ಮನೆಗೆ ಹೋಗಿ ನೋಡಿದವರೇ ಹೇಳಬೇಕು.

ಪೋಷಕರು ಮಾದರಿ ಕೊಡುವ ದಿನವೇ ಕೊನೆಯ 30 ದಿನದ ಔಷಧಗಳ ಪಟ್ಟಿಯನ್ನು, ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡವನ್ನೂ ಸೇರಿಸಿ, ಲಿಖಿತವಾಗಿ ಕೊಟ್ಟು ಪ್ರತಿ ಇಟ್ಟುಕೊಳ್ಳಲಿ. ಕರೆ ಬಂದ ದಿನ ಹೋಗಲಾಗದಿದ್ದರೆ ಅದನ್ನೇ ಪಾಸಿಟಿವ್ ಎಂದು ಎಣಿಸುವ ಕಡೆಗಳು ಬಹಳ ಇವೆ; ಬಸ್ ಸಿಗಲಿಲ್ಲ, ಕೆಲಸದಿಂದ ಬಿಡಲಿಲ್ಲ ಎಂಬುದನ್ನು ಅಂದೇ ಸಂದೇಶ ಕಳಿಸಿ ದಾಖಲಿಸಬೇಕು. ಮಾದರಿಯನ್ನು ಎರಡು ಬಾಟಲಿಗೆ ಹಂಚಿ ಒಂದನ್ನು ಶೈತ್ಯದಲ್ಲಿಡಲು ಮೊದಲೇ ಕೇಳಿ. ಬೇರೆ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಮಾಡಿಸಬೇಕಾಗಿ ಬಂದರೆ ಬೇಕಾಗುವುದು ಆ ಎರಡನೇ ಬಾಟಲಿಯೇ.