ಹಕ್ಕಿ ಫೋಟೋಗೆ ಅಂತ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಬರೆಯಲೋ ಬೇಡವೋ ಎಂದು ಒಂದು ವಾರ ಒದ್ದಾಡಿದೆ. ನಾಚಿಕೆ ಆಗುತ್ತಿದೆ. ಆದರೆ ದುಡ್ಡು ತೆಗೆದುಕೊಂಡು ಹಕ್ಕಿ ಫೋಟೋ ತೆಗೆಸುವ ಆ ತೋಟದವನು ಇವತ್ತೂ ಬುಕಿಂಗ್ ತೆಗೆದುಕೊಳ್ಳುತ್ತಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ಒಂದೂವರೆ ಗಂಟೆ ದಾರಿಯ ಒಂದು ತೋಟ. ಅರ್ಧ ದಿನಕ್ಕೆ 3,500 ರೂಪಾಯಿ, ತಿಂಡಿ ಕಾಫಿ ಸೇರಿ. ಹೈಡ್, ಅಂದರೆ ಅವಿತು ಕೂತು ಹಕ್ಕಿ ಫೋಟೋ ತೆಗೆಯುವ ಜಾಗ, ಹೇಗಿರುತ್ತದೆ ಗೊತ್ತಲ್ವಾ? ಹಸಿರು ನೆಟ್ಟಿನ ಗುಡಾರ, ಎದುರಿಗೆ ನೀರಿನ ತೊಟ್ಟಿ, ಒಂದೆರಡು ಕೊಂಬೆ, ಬಾಳೆಹಣ್ಣು. ಹಕ್ಕಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ಅಷ್ಟನ್ನೇ ನೆಚ್ಚಿಕೊಂಡು ಹೋಗಿದ್ದೆ. ಬೆಳಿಗ್ಗೆ ಮೈನಾ, ಮಡಿವಾಳ ಹಕ್ಕಿ, ಅಳಿಲು ಸಿಕ್ಕವು. ಖುಷಿಯಾಗಿಯೇ ಇದ್ದೆ.

ಹತ್ತು ಗಂಟೆ ಹೊತ್ತಿಗೆ ತೋಟದವನು ಬಂದು, "ಮೇಡಂ, ಈ ಕಡೆ ಬನ್ನಿ, ಇವತ್ತು ಸ್ಪೆಷಲ್ ಇದೆ" ಎಂದ. ಬೇಲಿ ಪಕ್ಕದಲ್ಲಿ ಇನ್ನೊಂದು ಗುಡಾರ. ಎದುರಿಗೆ ಒಂದು ಬೋಳು ಕೊಂಬೆ. ಅದರ ಮೇಲೆ ಕೆಮ್ಮೀಸೆ ಪಿಕಳಾರದ (ಬುಲ್‌ಬುಲ್ ಹಕ್ಕಿಯ) ಮೂರು ಮರಿಗಳು, ಸಾಲಾಗಿ. ಹಿಂದೆ ಬರೀ ಹಸಿರು. ಅಪ್ಪ ಅಮ್ಮ ಎರಡೂ ಹುಳ ತಂದು ತಂದು ತಿನ್ನಿಸುತ್ತಿದ್ದವು. ನಾವು ಐದು ಜನ. ಒಂದೂವರೆ ಗಂಟೆ ಶಟರ್ ಸದ್ದು ನಿಲ್ಲಲೇ ಇಲ್ಲ. ನಾನೊಬ್ಬಳೇ 800 ಫ್ರೇಮ್ ತೆಗೆದಿದ್ದೇನೆ.

"ಮರಿಗಳು ಹಾರಿ ಹೋಗಲ್ವಾ?" ಎಂದು ಕೇಳಿದ್ದೆ. "ಇವತ್ತೇ ಗೂಡು ಬಿಟ್ಟಿವೆ ಮೇಡಂ, ಇನ್ನೂ ಧೈರ್ಯ ಬಂದಿಲ್ಲ" ಎಂದ. ನಂಬಿದೆ.

ಮನೆಗೆ ಬಂದು ಒಂದು ಚಿತ್ರ ಹಾಕಿದೆ. ಮೂರೂ ಮರಿ ಬಾಯಿ ಅಗಲ ತೆರೆದಿದ್ದವು. 'ಹಸಿದ ಮಕ್ಕಳು' ಎಂದು ಹೆಸರು ಕೊಟ್ಟೆ. ಗೆಳತಿಯರು, ಆಫೀಸಿನವರು, ಎಲ್ಲರೂ ಹೊಗಳಿದರು. ಅಕ್ಕ ತನ್ನ ಹಾಲ್‌ಗೆ ದೊಡ್ಡ ಪ್ರಿಂಟ್ ಬೇಕು ಎಂದಳು. ಪ್ರಿಂಟ್‌ಗೆ ಕಳಿಸುವ ಮೊದಲು ಶಾರ್ಪ್ ಇದೆಯಾ ನೋಡೋಣ ಎಂದು ದೊಡ್ಡದು ಮಾಡಿದೆ.

ನಡುವಿನ ಮರಿಯ ಕಾಲಲ್ಲಿ ಕಪ್ಪು ಗೆರೆ. ಹುಲ್ಲಿರಬಹುದು ಎಂದುಕೊಂಡೆ. ಇನ್ನೊಂದು ಫ್ರೇಮ್ ತೆರೆದು ನೋಡಿದೆ, ಮತ್ತೊಂದು ನೋಡಿದೆ. ಹುಲ್ಲಲ್ಲ, ದಾರ. ಕಾಲಿಗೆ ಸುತ್ತಿ ಕೊಂಬೆಗೆ ಕಟ್ಟಿದ ದಾರ. ಮೂರಕ್ಕೂ. ಕೊಂಬೆಯ ತುದಿ ನೋಡಿದರೆ ಗರಗಸದಲ್ಲಿ ಹೊಸದಾಗಿ ಕೊಯ್ದ ಬಿಳಿ ಗುರುತು. ಅದು ಬೆಳೆದ ಕೊಂಬೆಯೇ ಅಲ್ಲ, ತಂದು ನೆಟ್ಟಿದ್ದು. ಮೈ ತಣ್ಣಗಾಯಿತು.

ಆಮೇಲೆ ಒಂದೊಂದೇ ಹೊಳೆಯಿತು. ಗೂಡು ಬಿಟ್ಟ ಪಿಕಳಾರದ ಮರಿ ಎಲೆಗಳ ಮರೆಯಲ್ಲಿ ಕೂರುತ್ತದೆ. ಮಾರ್ಚ್ ತಿಂಗಳ ಬಿಸಿಲಲ್ಲಿ, ಕಾಗೆಗೆ ಕಾಣುವ ಹಾಗೆ ಬೋಳು ಕೊಂಬೆ ಮೇಲೆ ಯಾಕೆ ಕೂರುತ್ತದೆ? ಅಮ್ಮ ಹತ್ತಿರ ಇಲ್ಲದಾಗಲೂ ಅವು ಬಾಯಿ ತೆರೆದೇ ಇದ್ದವು. ಅದು ಹಸಿವಲ್ಲ, ಬಿಸಿಲಿಗೆ ಏದುತ್ತಿದ್ದವು. ನಾನು ಅದಕ್ಕೆ 'ಹಸಿದ ಮಕ್ಕಳು' ಎಂದು ಬರೆದೆ. ಹತ್ತು ವರ್ಷದಿಂದ ಹಕ್ಕಿ ನೋಡುತ್ತಿದ್ದೇನೆ. ನನಗೆ ಅಲ್ಲೇ ಗೊತ್ತಾಗಬೇಕಿತ್ತು. ಗೊತ್ತಾಗಬೇಕಿತ್ತು.

ಅವನಿಗೆ ಫ್ರೇಮ್ ಕಳಿಸಿ ಇದೇನು ಎಂದು ಕೇಳಿದೆ. ಮೊದಲ ಉತ್ತರ: "ಫೋಟೋ ಚೆನ್ನಾಗಿ ಬಂದಿದೆ ಅಲ್ವಾ ಮೇಡಂ?" ನಾನು ದಾರದ ಸುತ್ತ ಕೆಂಪು ಗೆರೆ ಎಳೆದು ಮತ್ತೆ ಕಳಿಸಿದೆ. "ಅದನ್ನ ಫೋಟೋಶಾಪಲ್ಲಿ ತೆಗೀಬಹುದು, ಎರಡು ನಿಮಿಷದ ಕೆಲಸ. ಎಲ್ಲರೂ ಹಾಗೇ ಮಾಡ್ತಾರೆ." ಎಲ್ಲರೂ! ಎಂದರೆ ಇಷ್ಟು ದಿನ ಬಂದವರೆಲ್ಲ ನೋಡಿಯೂ ಅಳಿಸಿಕೊಂಡು ಸುಮ್ಮನಿದ್ದಾರೆ. ಮರಿಗಳು ಏನಾದವು ಎಂದು ಕೇಳಿದ್ದಕ್ಕೆ, "ವಾಪಸ್ ಗೂಡಿಗೆ ಇಟ್ವಿ, ಚೆನ್ನಾಗಿವೆ." ಗೂಡು ತೋರಿಸಿ ಎಂದೆ. ಅದಕ್ಕೆ ಉತ್ತರವಿಲ್ಲ. ಕೊನೆಗೆ, "ಪಿಕಳಾರ ಏನು ಹುಲೀನಾ ಮೇಡಂ? ಊರು ತುಂಬಾ ಇವೆ. ಬೇಕಿದ್ರೆ ಅರ್ಧ ದುಡ್ಡು ವಾಪಸ್ ಕೊಡ್ತೀನಿ" ಎಂದು ಬರೆದು ಬ್ಲಾಕ್ ಮಾಡಿದ.

ಊರು ತುಂಬಾ ಇದ್ದರೆ ದಾರ ಕಟ್ಟಬಹುದಾ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಓದಿ. ಅದರಲ್ಲಿ ಬೇಟೆ ಅಂದರೆ ಕೊಲ್ಲುವುದು ಒಂದೇ ಅಲ್ಲ, ಹಿಡಿಯುವುದೂ ಬೇಟೆ, ಗೂಡು ಕೆದಕುವುದೂ ಬೇಟೆ. ಮದ್ದೂರಿನ ಹತ್ತಿರ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರದಲ್ಲೇ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್) ಗೂಡು ಕಟ್ಟುತ್ತವೆ. ಊರಿನವರು ತಲೆಮಾರುಗಳಿಂದ ಕಾಯುತ್ತಿದ್ದಾರೆ. ಅವರ ಮುಂದೆ 3,500 ಕೊಟ್ಟು ಬಂದ ನಾನು ಯಾವ ಮುಖ ಇಟ್ಟುಕೊಂಡು ಹಕ್ಕಿ ಪ್ರೇಮಿ ಅಂತ ಹೇಳಿಕೊಳ್ಳಲಿ?

ಚಿತ್ರ ತೆಗೆದುಹಾಕಿದ್ದೇನೆ. ಹೊಗಳಿದ ಒಬ್ಬೊಬ್ಬರಿಗೂ ಕಾರಣ ಹೇಳಿದ್ದೇನೆ. ಮೂಲ ಫೈಲುಗಳನ್ನು ಮಾತ್ರ ಅಳಿಸಿಲ್ಲ, ದೂರಿನ ಜೊತೆ ಅರಣ್ಯ ಇಲಾಖೆಗೆ ಕೊಟ್ಟಿದ್ದೇನೆ.

ನಿಮಗೆ ಹೇಳುವುದು ಇಷ್ಟೇ. ಮರಿ ಸಿಗುವುದು ಗ್ಯಾರಂಟಿ ಅಂದವರ ಹತ್ತಿರ ಹೋಗಬೇಡಿ. ಗೂಡಿನ ಹತ್ತಿರ ಕರೆದರೆ ಎದ್ದು ಬನ್ನಿ, ದುಡ್ಡು ಹೋದರೆ ಹೋಗಲಿ. ಮರಿಗಳು ಬೋಳು ಕೊಂಬೆ ಮೇಲೆ ಕದಲದೆ ಕೂತಿದ್ದರೆ ಮೊದಲು ಕಾಲು ನೋಡಿ. ನಾನು ನೋಡಲಿಲ್ಲ.

ನಿನ್ನೆ ಗೆಳತಿಯ ಫೋನಿನಲ್ಲಿ ಅವನ ಸ್ಟೇಟಸ್ ನೋಡಿದೆ. ಅದೇ ಕೊಂಬೆ, ಅದೇ ಹಸಿರು. ಈ ಸಲ ಮೇಲೆ ಕೂತಿರುವುದು ಮಡಿವಾಳದ ಮರಿ. ಭಾನುವಾರಕ್ಕೆ ಇನ್ನು ಎರಡು ಸೀಟು ಖಾಲಿ ಇವೆ ಎಂದು ಹಾಕಿದ್ದಾನೆ.