ಮೂರು ಹಳೇ ಜೋಡಿ ನಳಿಗೆ ಬಂದೂಕು: ಏಳುವ ಹಕ್ಕಿಗೆ ಯಾವುದು?

ಹಳೇ ಡಬಲ್ ಬ್ಯಾರೆಲ್ ಬಂದೂಕು ಅಂದರೆ ನಮ್ಮ ದಾವಣಗೆರೆ ಕಡೆ ಜನ ಮೊದಲು ಕೇಳುವುದು ಒಂದೇ, ಇಂಗ್ಲೆಂಡಿನದಾ? ನಾನು ಮೊದಲು ಕೇಳುವುದು ಚೇಂಬರ್, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗ, ಎಷ್ಟುದ್ದ ಅಂತ. ಮೂರು ಬಂದೂಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಈ ಚಾಳಿ ಇನ್ನೂ ಜಾಸ್ತಿಯಾಗಿದೆ.

ಮೊದಲೇ ಹೇಳಿಬಿಡುತ್ತೇನೆ, ಈ ಹೋಲಿಕೆಯಲ್ಲಿ ಯಾವ ಹಕ್ಕಿಯೂ ಸತ್ತಿಲ್ಲ. ಜಗಳೂರು, ಹಿರಿಯೂರು ಕಡೆಯ ಕುರುಚಲು ಗುಡ್ಡಗಳಲ್ಲಿ ಗೌಜಲಕ್ಕಿ ಈಗಲೂ ಕಾಲಡಿಯಿಂದ ಬುರ್ರನೆ ಏಳುತ್ತದೆ. ಆದರೆ 1972ರ ವನ್ಯಜೀವಿ ಕಾಯ್ದೆ ಬಂತು, 1991ರ ತಿದ್ದುಪಡಿಯಲ್ಲಿ ಅದು ಇನ್ನೂ ಬಿಗಿಯಾಯಿತು, ಷಿಕಾರಿಯ ಕತೆ ಅಲ್ಲಿಗೆ ಮುಗಿಯಿತು. ನಾವು ಹೊಡೆದದ್ದು ರೇಂಜಿನಲ್ಲಿ ಯಂತ್ರ ಎಸೆಯುವ ಕ್ಲೇ ಬಿಲ್ಲೆಗೆ. ಬಂದೂಕು ಮೂರಕ್ಕೂ ಲೈಸೆನ್ಸ್ ಇದೆ, ಅವರವರದನ್ನು ಅವರವರೇ ತಂದಿದ್ದರು.

ಒಂದು ದೊಡ್ಡಪ್ಪನದು, ಬರ್ಮಿಂಗ್‌ಹ್ಯಾಂನಲ್ಲಿ ತಯಾರಾದ, ಹ್ಯಾಮರ್ ಹೊರಗೇ ಕಾಣುವ ಹ್ಯಾಮರ್ ಗನ್, ಡಮಾಸ್ಕಸ್ ನಳಿಗೆ. ಇನ್ನೊಂದು ಚಿತ್ರದುರ್ಗದ ಗೆಳೆಯನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಬಾಕ್ಸ್‌ಲಾಕ್, ಹ್ಯಾಮರ್ ಒಳಗೆ ಅಡಗಿರುವಂಥದು. ಮೂರನೆಯದು ನನ್ನದು, ನಮ್ಮ ಸರ್ಕಾರದ ಆರ್ಡ್ನೆನ್ಸ್ ಫ್ಯಾಕ್ಟರಿಯದು. ಮೂರೂ 12 ಬೋರ್, ಅಂದರೆ ನಳಿಗೆಯ ಅಗಲದ ಅಳತೆ ಒಂದೇ.

ದೊಡ್ಡಪ್ಪನ ಬಂದೂಕು ನೋಡಲು ಮೂರರಲ್ಲಿ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಕಾಸಿ ಬಡಿದು ಮಾಡಿದ ನಳಿಗೆ ಅದು. ಬಿಸಿಲಿಗೆ ಓರೆ ಹಿಡಿದರೆ ಸಣ್ಣ ಸಣ್ಣ ಸುರುಳಿಗಳು ಕಂದು ಬಣ್ಣದಲ್ಲಿ ಎದ್ದು ಕಾಣುತ್ತವೆ. ನಳಿಗೆ ಬಿಚ್ಚಿ ಅಡಿಭಾಗ ಒರೆಸಿದರೆ ನಳಿಗೆ ಪರೀಕ್ಷೆ ಮಾಡಿ ಒತ್ತಿದ ಪ್ರೂಫ್ ಗುರುತುಗಳ ಪಕ್ಕ ‘ನಾಟ್ ಫಾರ್ ಬಾಲ್’ ಅಂತ ಇಂಗ್ಲಿಷ್‌ನಲ್ಲಿ ಕೊರೆದಿದೆ. ನಳಿಗೆಯ ಬಾಯಿ ಚೋಕ್ ಮಾಡಿದ್ದು, ಅಂದರೆ ಚರೆ ಬೇಗ ಚೆದುರದಂತೆ ಕಿರಿದು ಮಾಡಿದ್ದು, ಒಂಟಿ ಗುಂಡು ಹಾಕಬೇಡಿ ಅಂತ ಅರ್ಥ. ಬರ್ಮಿಂಗ್‌ಹ್ಯಾಂನವರು ಈ ಗುರುತು ಹಾಕುತ್ತಿದ್ದದ್ದು 1875ರಿಂದ 1887ರವರೆಗೆ. ನೈಟ್ರೋ ಪ್ರೂಫ್ ಗುರುತು ಮಾತ್ರ ಎಲ್ಲೂ ಇಲ್ಲ. ಅಂದರೆ ಇದನ್ನು ಕರಿ ಮದ್ದಿಗೆ ಮಾತ್ರ ಪರೀಕ್ಷೆ ಮಾಡಿದ್ದಾರೆ, ಈಗಿನ ಹೊಗೆಯಿಲ್ಲದ ಮದ್ದಿನ ತೋಟಾಕ್ಕಲ್ಲ. ಹಾಗಾಗಿ ಇದರಲ್ಲಿ ಈಡು ಹಾರಿಸಲಿಲ್ಲ, ಸುಮ್ನೆ ಡಮ್ಮಿ ತೋಟಾ ಹಾಕಿ ಹೆಗಲಿಗೇರಿಸಿ ನೋಡಿದೆವು ಅಷ್ಟೆ. ‘ನಾನು ಹೊಡೆದಿದ್ದೀನಲ್ಲೋ, ಏನೂ ಆಗಿಲ್ಲ’ ಅಂದರು ದೊಡ್ಡಪ್ಪ. ಆಗದಿದ್ದದ್ದು ಅದೃಷ್ಟ ದೊಡ್ಡಪ್ಪ, ಅಂದೆ. ಅದಿರಲಿ, ಹಕ್ಕಿ ಎದ್ದಾಗ ಎರಡು ಹ್ಯಾಮರ್ ಹೆಬ್ಬೆರಳಲ್ಲಿ ಎಳೆದು ನಿಲ್ಲಿಸುವಷ್ಟರಲ್ಲಿ ಅದು ಪಕ್ಕದ ಹೊಲ ದಾಟಿರುತ್ತದೆ. ಮೊದಲೇ ಎಳೆದಿಟ್ಟುಕೊಂಡು ನಡೆಯೋಣ ಅಂದರೆ ಮುಂದೆ ನಡೆಯುವವನ ಬೆನ್ನಿಗೆ ಅಪಾಯ.

ವೆಬ್ಲಿ ಹಾಗಲ್ಲ. ಇದರೊಳಗಿರುವುದು 1875ರಲ್ಲಿ ಆನ್ಸನ್, ಡೀಲಿ ಅನ್ನುವ ಇಬ್ಬರು ಪೇಟೆಂಟ್ ಮಾಡಿಸಿದ ಬಾಕ್ಸ್‌ಲಾಕ್. ನಳಿಗೆ ಮಡಚಿದರೆ ಒಳಗಿನ ಹ್ಯಾಮರ್ ತಾನೇ ಎಳೆದುಕೊಳ್ಳುತ್ತದೆ. ಹಿಡಿಯ ಮರವನ್ನು ಬಲಗೈಯವರಿಗೆಂದು ಹೊರಗಡೆಗೆ ಒಂಚೂರು ಬಾಗಿಸಿದ್ದಾರೆ. ಆ ಒಂಚೂರೇ ಎಲ್ಲ. ಕಣ್ಣು ಬಿಲ್ಲೆ ಮೇಲೆ, ಬಂದೂಕು ಎತ್ತಿ ಕೆನ್ನೆಗೆ ತಾಗಿಸಿದರೆ ನಳಿಗೆ ನೀವು ನೋಡಿದ ಕಡೆಗೇ ನೋಡುತ್ತಿರುತ್ತದೆ, ಕತ್ತು ಹುಡುಕಾಡಬೇಕಾಗಿಲ್ಲ. ನನ್ನ ಫ್ಯಾಕ್ಟರಿ ಬಂದೂಕಿನಲ್ಲಿ ಹಿಡಿ ನೇರ, ತೂಕ ಜಾಸ್ತಿ, ಮುಂಭಾರ ಬೇರೆ. ಎತ್ತಿ, ಕತ್ತು ವಾಲಿಸಿ, ನಳಿಗೆ ಹುಡುಕುವಷ್ಟರಲ್ಲಿ ಬಿಲ್ಲೆ ದೂರ.

ಚೋಕ್‌ನದ್ದೂ ಅಷ್ಟೇ ಮುಖ್ಯ. 40 ಗಜ ದೂರದಲ್ಲಿ 30 ಇಂಚಿನ ವೃತ್ತ ಇಟ್ಟರೆ ಫುಲ್ ಚೋಕ್ ಸುಮಾರು 70% ಚರೆ ಅದರೊಳಗೆ ಹಾಕುತ್ತದೆ, ಹಾಫ್ 60%, ಇಂಪ್ರೂವ್ಡ್ ಸಿಲಿಂಡರ್ 50%. ಬರೀ ಲೆಕ್ಕ ನೋಡಿದರೆ ಫುಲ್ಲೇ ವಾಸಿ ಅನಿಸುತ್ತೆ, ಅಲ್ವಾ? ಆದರೆ ಪೊದೆಯಿಂದ ಏಳುವ ಹಕ್ಕಿಗೆ ಮೊದಲ ಈಡು ಬೀಳುವುದು 20–25 ಗಜದಲ್ಲಿ. ಅಲ್ಲಿ ಫುಲ್ ಚೋಕಿನ ಚರೆ ಇನ್ನೂ ಮುದ್ದೆಯಾಗಿಯೇ ಇರುತ್ತದೆ. ತಾಗಿದರೆ ಹಕ್ಕಿ ಚಿಂದಿ, ಸ್ವಲ್ಪ ತಪ್ಪಿದರೆ ಪೂರ್ತಿ ತಪ್ಪು. ವೆಬ್ಲಿಯದು ಬಲ ನಳಿಗೆ ಇಂಪ್ರೂವ್ಡ್ ಸಿಲಿಂಡರ್, ಎಡ ಹಾಫ್. ಮುಂದಿನ ಟ್ರಿಗರ್ ಹತ್ತಿರಕ್ಕೆ, ಹಿಂದಿನದು ದೂರ ಹೋದದ್ದಕ್ಕೆ. ನನ್ನದು ಬಲ ಹಾಫ್, ಎಡ ಫುಲ್. ಹೊಲದ ಕಾವಲಿಗೆ ಸರಿ, ಏಳುವ ಹಕ್ಕಿಗೆ ಬಿಗಿ.

ಹಾಗಾದರೆ ವೆಬ್ಲಿ ಗೆದ್ದಿತಾ? ಹೊಡೆಯುವುದರಲ್ಲಿ ಗೆದ್ದಿತು. ತೋಟಾ ವಿಷಯದಲ್ಲಿ ಕಿರಿಕಿರಿ. ಗೆಳೆಯನದರ ಚೇಂಬರ್ 65 ಮಿ.ಮೀ. ನನ್ನದು 70. ತೋಟಾ ಡಬ್ಬದ ಮೇಲೆ ಬರೆದ 70 ಅನ್ನುವುದು ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹೊಸ ತೋಟಾ ಅದಕ್ಕಿಂತ ಗಿಡ್ಡ, ಹಾಗಾಗಿ 65ರ ಚೇಂಬರಿನಲ್ಲೂ ಸಲೀಸಾಗಿ ಕೂತುಬಿಡುತ್ತದೆ. ಸಿಡಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ನಳಿಗೆಯೊಳಗೆ ಒತ್ತಡ ಏರುತ್ತದೆ. ‘ಕೂತಿತಲ್ಲ, ಆಗುತ್ತೆ ಬಿಡ್ರಿ’ ಅನ್ನುವವರ ಹತ್ತಿರ ಬಂದೂಕು ಕೊಳ್ಳಬೇಡಿ.

ಹಳೇ ಬಂದೂಕು ಕೊಳ್ಳುವ ಮುಂಚೆ ನೋಡುವ ಬಗೆ ಇಷ್ಟು. ನಳಿಗೆ ಬಿಚ್ಚಿ ಟ್ಯೂಬ್‌ಲೈಟ್ ಕಡೆಗೆ ಹಿಡಿದು ಒಳಗೆ ನೋಡಿ, ನೆರಳಿನ ಗೆರೆ ಎಲ್ಲಾದರೂ ಡೊಂಕಾದರೆ ಅಲ್ಲಿ ನೆಗ್ಗಿದೆ. ಕೊಕ್ಕೆಯಿಂದ ತೂಗುಬಿಟ್ಟು ಬೆರಳಲ್ಲಿ ತಟ್ಟಿ, ಗುಡಿ ಗಂಟೆಯ ಹಾಗೆ ನಾದ ಕೊಂಚ ಹೊತ್ತು ಉಳಿಯಬೇಕು. ದಬ್ ಅಂದರೆ ಎರಡು ನಳಿಗೆಗಳ ಮಧ್ಯದ ಪಟ್ಟಿಯ ಬೆಸುಗೆ ಬಿಟ್ಟಿದೆ. ನಳಿಗೆ ಮತ್ತೆ ಸೇರಿಸಿ, ಮುಂಗೈ ಹಿಡಿಯುವ ಮರ ಮಾತ್ರ ತೆಗೆದು ಬಂದೂಕು ಅಲ್ಲಾಡಿಸಿ, ನಳಿಗೆ ಲೊಡಲೊಡ ಅನ್ನಬಾರದು. ಮೇಲಿನ ಲಿವರ್ ಮುಚ್ಚಿದಾಗ ನಟ್ಟನಡುವೆಯೋ ಒಂಚೂರು ಬಲಕ್ಕೋ ನಿಂತರೆ ಒಳ್ಳೆಯದು, ಎಡಕ್ಕೆ ದಾಟಿದ್ದರೆ ಸವೆದಿದೆ.

ಆಯುಧ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ನನಗೆ ಒಂದು ಜಾಗ ಖಾಲಿ ಇದೆ. ಅದಕ್ಕೆ ವೆಬ್ಲಿಯನ್ನೇ ತರುತ್ತೇನೆ, ಆದರೆ 70ರ ಚೇಂಬರ್ ಇದ್ದು ಅದಕ್ಕೆ ತಕ್ಕ ಪ್ರೂಫ್ ಗುರುತು ಇರುವುದು ಸಿಕ್ಕರೆ ಮಾತ್ರ. ಫ್ಯಾಕ್ಟರಿಯದನ್ನು ಮಾರುವುದಿಲ್ಲ, ಹೊಲಕ್ಕೆ ಅದೇ ಸರಿ.