ಮೂರು ಸೀಸನ್ ಸರ್ಕಲ್ ಹುಕ್: ಹೊಳೆಯ ಗಾಳ ಕಡಲಿಗೆ ಯಾಕೆ ಒಗ್ಗಲ್ಲ

ಬಳಸಿದ್ದು: ಆಫ್‌ಸೆಟ್ ಇಲ್ಲದ (ಮೊನೆ ಪಕ್ಕಕ್ಕೆ ವಾಲದ) ಸರ್ಕಲ್ ಹುಕ್, ಅಂದರೆ ಮೊನೆ ಕಾಂಡದ (ನೇರ ಭಾಗದ) ಕಡೆಗೆ ಬಾಗಿದ ಗಾಳ, 1/0, 3/0, 5/0, ಟಿನ್ ಲೇಪನದ್ದು. ಜೊತೆಗೆ ಉದ್ದ ಕಾಂಡದ 6 ನಂಬರಿನ ಮಾಮೂಲಿ ಹುಕ್.
ಜಾಗ: ಮಂಗಳೂರಿನ ಅಳಿವೆ ಬಾಗಿಲ ಕಲ್ಲುದಂಡೆ, ಮಾಕುಟ್ಟ ಘಾಟಿ ಇಳಿದರೆ ಸಿಗುವ ಕಣ್ಣೂರು ಕಡೆಯ ವಳಪಟ್ಟಣಂ ಹೊಳೆಬಾಯಿ.
ಅಂಕ: ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಯಾಕೆಂದು ಕೆಳಗಿದೆ.

ಕೊಡಗಿನಿಂದ ಕಡಲಿಗೆ ಹೊರಡುವವರ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಹೊಳೆಯ ಗಾಳವೇ. ರಾಗಿ ಉಂಡೆ ಕಟ್ಟಿ ಬಿಳಿಮೀನಿಗೆ ಹಾಕುವ, ಹಾರಂಗಿ ಹಿನ್ನೀರಲ್ಲಿ ಗೆಂಡೆಗೆ ಬಿಡುವ ಕಂದು ಬ್ರಾಂಜ್ ಬಣ್ಣದ ಉಕ್ಕಿನ ಹುಕ್. ಉಪ್ಪುನೀರಲ್ಲಿ ಅದಕ್ಕೆ ಒಂದೇ ದಿನದ ಆಯಸ್ಸು. ತೊಳೆಯದೆ ಪೆಟ್ಟಿಗೆಗೆ ಹಾಕಿದರೆ ಮರುದಿನಕ್ಕೆ ಮೊನೆ ಕೆಂಪಾಗಿರುತ್ತದೆ, ಪಕ್ಕದ ಹೊಸ ಹುಕ್ಕಿಗೂ ತುಕ್ಕು ತಗಲಿರುತ್ತದೆ. ಸ್ಟೇನ್‌ಲೆಸ್ ತಗೊಂಡರಾಯಿತಲ್ಲ ಅನ್ನಬಹುದು. ಅದರ ಮೊನೆ ಬೇಗ ಮೊಂಡಾಗುತ್ತದೆ. ಲೈನ್ ಕಡಿದರೆ ಮೀನಿನ ಬಾಯಲ್ಲಿ ಕರಗದೆ ಉಳಿಯುತ್ತದೆ. ಹೈ ಕಾರ್ಬನ್ ಉಕ್ಕಿನ ಮೇಲೆ ಟಿನ್ ಅಥವಾ ಕಪ್ಪು ನಿಕಲ್ ಲೇಪನ ಇದ್ದರೆ ಸಾಕು.

ಸೈಜಿನ ಲೆಕ್ಕ ಗೊತ್ತಿಲ್ಲದವರಿಗೆ: 10, 6, 1 ಅಂತ ನಂಬರ್ ಇಳಿದಂತೆ ಹುಕ್ ದೊಡ್ಡದಾಗುತ್ತದೆ. 1 ಆದ ಮೇಲೆ 1/0, 2/0, 3/0 ಅಂತ ನಂಬರ್ ಏರಿದಂತೆ ದೊಡ್ಡದಾಗುತ್ತದೆ. ಒಂದು ಕಂಪನಿಯ 3/0 ಇನ್ನೊಂದರ 4/0ಗೆ ಸಮ ಇರುವುದೂ ಉಂಟು. ಹಾಗಾಗಿ ಪ್ಯಾಕೆಟ್ಟಿನ ನಂಬರ್ ನಂಬದೆ ಮೊನೆಯಿಂದ ಕಾಂಡಕ್ಕೆ ಎಷ್ಟು ಜಾಗ ಇದೆ ಎಂದು ಕಣ್ಣಳತೆ ಮಾಡಿ. ಸರ್ಕಲ್ ಹುಕ್ಕಿನ ಮೊನೆ ಒಳಕ್ಕೆ ತಿರುಗಿರುವುದರಿಂದ ಈ ಜಾಗ ಕಡಿಮೆ. ಮಾಮೂಲಿ 2/0 ಹಾಕುವ ಕಡೆ ಸರ್ಕಲ್ 3/0 ಬೇಕು.

ಇನ್ನು ಕೈಯ ವಿಷಯ. ಹೊಳೆಯಲ್ಲಿ ಬೆಂಡು ಮುಳುಗಿತೋ ಇಲ್ಲವೋ, ರಾಡ್ ಎತ್ತಿ ಜಗ್ಗಿಯೇ ಅಭ್ಯಾಸ. ಸರ್ಕಲ್ ಹುಕ್ಕಿನಲ್ಲಿ ಹಾಗೆ ಜಗ್ಗಿದರೆ ಎರೆ ಸಮೇತ ಬಾಯಿಂದ ಹೊರಗೆ ಬರುತ್ತದೆ. ಮೀನು ನುಂಗಿ ತಿರುಗಿ ಓಡುವಾಗ ಲೈನ್ ಬಿಗಿಯಾಗಬೇಕು. ಆಗ ಹುಕ್ ಗಂಟಲಿಂದ ಜಾರುತ್ತಾ ಬಂದು ದವಡೆಯ ಮೂಲೆಗೆ ಸಿಕ್ಕಿ, ತಿರುಗಿ ಚುಚ್ಚಿಕೊಳ್ಳುತ್ತದೆ. ನಿಮ್ಮ ಕೆಲಸ ಇಷ್ಟೇ: ರಾಡ್ ತುದಿ ಟಕಟಕ ಅಂದಾಗ ಸುಮ್ಮನಿರಿ, ಬಾಗಿ ಬಾಗಿಯೇ ನಿಂತಾಗ ರೀಲ್ ಸುತ್ತಲು ಶುರು ಮಾಡಿ. ಹೊಳೆಯಲ್ಲಿ ಪಳಗಿದ ಕೈಗೆ ಇದು ಕಷ್ಟ. ಮೊದಲ ಕೆಲವು ಸಲ ರಾಡನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಎರಡು ಹೆಜ್ಜೆ ದೂರ ಕೂರುವುದೇ ವಾಸಿ.

ಕೊಳ್ಳುವಾಗ ಆಫ್‌ಸೆಟ್ ಪರೀಕ್ಷೆ ಮಾಡಿ. ಹುಕ್ಕನ್ನು ಗಾಜಿನ ಮೇಲೆ ಮಲಗಿಸಿ. ಪೂರ್ತಿ ಚಪ್ಪಟೆ ಕೂತರೆ ಸರಿ. ಮೊನೆ ಒಂದು ಪಕ್ಕಕ್ಕೆ ಎದ್ದು ನಿಂತರೆ ಆಫ್‌ಸೆಟ್ ಇದೆ. ಅಂಥದ್ದು ಗಂಟಲಲ್ಲೇ ಚುಚ್ಚುವ ಸಾಧ್ಯತೆ ಹೆಚ್ಚು, ಸಣ್ಣ ಮೀನನ್ನು ವಾಪಸ್ ಬಿಟ್ಟರೂ ಬದುಕುವುದು ಕಷ್ಟ.

ಗಂಟು ಸ್ನೆಲ್ (ಕಾಂಡಕ್ಕೇ ಸುತ್ತುವ ಗಂಟು) ಆಗಿರಲಿ. 40 ಪೌಂಡ್ ಎಳೆತ ತಾಳುವ ಮಾನೊ ಲೀಡರ್ (ಹುಕ್ಕಿಗೆ ಕಟ್ಟುವ ಒಂಟಿ ನೈಲಾನ್ ಎಳೆ) 60 ಸೆಂ.ಮೀ. ಕತ್ತರಿಸಿ. ತುದಿಯನ್ನು ಮೊನೆ ಇರುವ ಪಕ್ಕದಿಂದಲೇ ಹುಕ್ಕಿನ ಕಣ್ಣೊಳಗೆ (ಮೇಲಿನ ಬಳೆಯೊಳಗೆ) ತೂರಿಸಿ, ಕಾಂಡದ ಉದ್ದಕ್ಕೆ ಒಂದು ಕುಣಿಕೆ ಇಟ್ಟು, ಅದೇ ತುದಿಯಿಂದ ಕಾಂಡ ಮತ್ತು ಕುಣಿಕೆ ಎರಡನ್ನೂ ಸೇರಿಸಿ ಏಳು ಸುತ್ತು ಹಾಕಿ, ಕುಣಿಕೆಯೊಳಗೆ ನುಗ್ಗಿಸಿ, ಉಗುಳು ಹಚ್ಚಿ ಎಳೆಯಿರಿ. ಹಿಂಬದಿಯಿಂದ ತೂರಿಸಿದರೆ ಎಳೆತಕ್ಕೆ ಮೊನೆ ಹೊರಕ್ಕೆ ತೆರೆದುಕೊಳ್ಳುವ ಬದಲು ಒಳಕ್ಕೆ ಮುಚ್ಚಿಕೊಳ್ಳುತ್ತದೆ. ಎರೆ ಖಾಲಿ, ಮೀನೂ ಇಲ್ಲ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಗಂಟೇ.

ಇನ್ನೊಂದು ತಪ್ಪು, ಎರೆಯಲ್ಲಿ ಮೊನೆ ಮುಚ್ಚುವುದು. ಹೊಳೆಯಲ್ಲಿ ಉಂಡೆಯೊಳಗೆ ಗಾಳ ಹುದುಗಿಸುತ್ತೇವೆ. ಇಲ್ಲಿ ಮೊನೆ, ಬಾಗು ಎರಡೂ ಬೆತ್ತಲೆ ಇರಬೇಕು. ಇಡೀ ಸಿಗಡಿಯನ್ನು ಸುರುಳಿಯಾಗಿ ಪೋಣಿಸಿದರೆ 3/0ರ ಬಾಯಿ ಪೂರ್ತಿ ತುಂಬಿಹೋಗುತ್ತದೆ. ತಲೆ, ಬಾಲದ ರೆಕ್ಕೆ ಮುರಿದು, ಬಾಲದ ಕೊನೆಯ ಎರಡು ಗೆಣ್ಣಲ್ಲಿ ಮಾತ್ರ ಚುಚ್ಚಿ. ಜೀವಂತ ಸಿಗಡಿಯಾದರೆ ತಲೆಯ ಕೊಂಬಿನ ಕೆಳಗೆ, ಕಪ್ಪು ಚುಕ್ಕೆಗೆ ತಾಗದಂತೆ. ತಾಗಿದರೆ ಅಲ್ಲೇ ಸಾಯುತ್ತದೆ. ಬಂಗುಡೆ ತುಂಡಿಗೆ ಮಾಂಸದ ಕಡೆಯಿಂದ ಒಂದೇ ಸಲ ಚುಚ್ಚಿ ಚರ್ಮದ ಕಡೆ ಮೊನೆ ಹೊರಡಿಸಿ, ಹಿಡಿದುಕೊಳ್ಳುವುದು ಚರ್ಮವೇ. ಬೊಂಡಾಸನ್ನು (ಸ್ಕ್ವಿಡ್) ಬೆರಳಗಲದ ಪಟ್ಟಿ ಮಾಡಿ ಒಂದು ತುದಿಗೆ ಸಿಕ್ಕಿಸಿದರೆ ಸಾಕು. ಐಸಿನಲ್ಲಿ ಎರಡು ದಿನ ಕಳೆದು ಮಡಿಕೇರಿ ಮಾರ್ಕೆಟಿಗೆ ಬಂದ ಬೂತಾಯಿಯನ್ನು ಎರೆಗೆಂದು ಮತ್ತೆ ಘಾಟಿ ಇಳಿಸಬೇಡಿ. ಬೀಸಿದ ರಭಸಕ್ಕೆ ಮಾಂಸ ಒಂದು ಕಡೆ, ಹುಕ್ ಒಂದು ಕಡೆ. ಬೇರೆ ದಾರಿ ಇಲ್ಲದಿದ್ದರೆ ರಾತ್ರಿಯೇ ಕಲ್ಲುಪ್ಪು ಹಾಕಿಟ್ಟು ಗಟ್ಟಿ ಮಾಡಿಕೊಳ್ಳಿ.

ಕಲ್ಲುದಂಡೆಯಲ್ಲಿ ಕೆಂಬೇರಿ, ಮುರು ಮೀನಿಗೆ ದಪ್ಪ ತಂತಿಯ 5/0 ಸರಿ. ಕಾಳಾಂಚಿ ಮೀನಿಗೆ ಮಲೆಟ್ ಮೀನಿನ ಮರಿಯನ್ನು ಜೀವಂತ ಎರೆಯಾಗಿ ಬಿಡುವುದಾದರೆ ತೆಳು ತಂತಿಯ ಹುಕ್ಕೇ ಬೇಕು, ದಪ್ಪದ್ದರ ಭಾರಕ್ಕೆ ಮರಿ ಬೇಗ ಸುಸ್ತಾಗುತ್ತದೆ. ಕಾಣೆ ಮೀನಿನ ಸಣ್ಣ ಬಾಯಿಗಂತೂ ಸರ್ಕಲ್ ಹುಕ್ ದಂಡ. ಅದಕ್ಕೆ ಉದ್ದ ಕಾಂಡದ 6 ನಂಬರೇ ಆಗಬೇಕು, ಅದನ್ನು ಜಗ್ಗಲೂಬೇಕು. ಒಂದು ಅಂಕ ಹೋಗಿದ್ದು ಇಲ್ಲೇ: ಒಂದೇ ಬಗೆಯ ಹುಕ್ ನಂಬಿ ಇಡೀ ದಿನ ಕೂರಲಾಗದು.

ನೂರು ಹುಕ್ಕಿನ ಅಗ್ಗದ ಮಿಶ್ರ ಡಬ್ಬಿಯ ಬಗ್ಗೆ ಕೇಳುವವರಿಗೆ: ಬೇಡ. ಕಣ್ಣಿನ ಬಳೆ ಪೂರ್ತಿ ಕೂಡಿರುವುದಿಲ್ಲ, ಆ ಸೀಳಲ್ಲಿ ಲೀಡರ್ ಜಾರುತ್ತದೆ ಇಲ್ಲವೇ ಕೊಯ್ದುಹೋಗುತ್ತದೆ. ಹೊಸದಾದರೂ ಹೆಬ್ಬೆರಳ ಉಗುರ ಮೇಲೆ ಮೊನೆ ಎಳೆದು ನೋಡಿ. ಗೀರಿ ನಿಂತರೆ ಚೂಪು, ಜಾರಿದರೆ ಎಸೆಯಿರಿ. ಅರದಲ್ಲಿ ಉಜ್ಜಿದರೆ ಲೇಪನ ಹೋಗಿ ತುಕ್ಕಿಗೆ ದಾರಿಯಾಗುತ್ತದೆ.

ನಮ್ಮಲ್ಲಿ ಹುಕ್ಕಿಗೆ ಕಡಲಿಗಿಂತ ದೊಡ್ಡ ಶತ್ರು ಜೂನ್‌ನಿಂದ ಸೆಪ್ಟೆಂಬರ್ ತನಕದ ಥಂಡಿ. ಪ್ಯಾಕೆಟ್ ಒಡೆಯದ ಹುಕ್ಕಿಗೂ ಮಚ್ಚೆ ಬೀಳುತ್ತದೆ. ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಒಣಗಿರುತ್ತದೆ ನಿಜ, ಆದರೆ ಪ್ಲಾಸ್ಟಿಕ್ ಪೆಟ್ಟಿಗೆ ಬಾಗುತ್ತದೆ, ಮಸಿಯೂ ಕೂರುತ್ತದೆ. ಸಿಹಿನೀರಲ್ಲಿ ತೊಳೆದು, ಒರೆಸಿ, ಹೊಲಿಗೆ ಮಿಷನ್ ಎಣ್ಣೆ ತೆಳ್ಳಗೆ ಸವರಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಳಸುವ ಮುಂಚೆ ಸೋಪಿನಲ್ಲಿ ತೊಳೆಯಿರಿ, ಎಣ್ಣೆ ವಾಸನೆ ಎರೆಗೆ ಹತ್ತುತ್ತದೆ. ಬಳಸಿದ್ದು, ಹೊಸದು ಒಂದೇ ಡಬ್ಬಿಯಲ್ಲಿ ಬೇಡ.

ಬಿಡಿಸುವಾಗ ನೇರ ಎಳೆಯಬೇಡಿ. ಇಕ್ಕುಳದಲ್ಲಿ ಕಾಂಡ ಹಿಡಿದು, ಬಂದ ಬಾಗಿನ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿದರೆ ಕಳಚುತ್ತದೆ. ತೇಡೆ (ಮೀಸೆಯ ಕಡಲ ಮೀನು) ಸಿಕ್ಕರೆ ಬೆನ್ನಿನ ಒಂದು, ಪಕ್ಕದ ಎರಡು ಮುಳ್ಳಿಗೆ ಕೈ ಕೊಡಬೇಡಿ, ಅವಕ್ಕೆ ವಿಷ ಇದೆ; ಹುಕ್ ಆಳಕ್ಕಿಳಿದಿದ್ದರೆ ಹುಕ್ಕಿನ ಕಣ್ಣಿನ ಹತ್ತಿರ ಲೀಡರ್ ಕತ್ತರಿಸಿ ನೀರಿಗೆ ಬಿಟ್ಟುಬಿಡಿ.